ಸಮೀಕರಣದೊಳಗಣ ಲೋಕಾಂತರಗಳು

ಮನುಷ್ಯನು ಕಂಡರಿಯದ ಲೋಕವನ್ನು ಚಿತ್ರಿಸಹೊರಟ ಕಲಾವಿದನು, ಎಷ್ಟೇ ಪ್ರತಿಭಾವಂತನಾಗಿರಲಿ, ಕಡೆಗೆ ತಾನು ಕಂಡ ಬೆಟ್ಟಗಳನ್ನೂ ಮೋಡಗಳನ್ನೂ ತುಸು ವಿಕೃತಗೊಳಿಸಿ ನಮ್ಮ ಮುಂದಿಡುವುದು ವಾಡಿಕೆ; ವಿಜ್ಞಾನ ಕಾದಂಬರಿಗಳ ಹಳೆಯ ಮುಖಪುಟಗಳೇ ಇದಕ್ಕೆ ಸಾಕ್ಷಿ. ಈ ಬಂಧನವನ್ನು ಸಡಿಲಿಸಿದ ಫ್ರ್ಯಾಕ್ಟಲ್ ಕಲೆಯ ಮೂಲವಾದರೋ ಗಣಿತದಲ್ಲಿದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಗಾಸ್ತೋ ಜೂಲಿಯಾ, ಪಿಯೆರ್ ಫಾತೂ ಎಂಬ ಪಂಡಿತರು ಕೈಯಿಂದ ಬರೆದು ಮುಗಿಸಲಾಗದ ಆಕೃತಿಗಳನ್ನು ತರ್ಕದ ಬಲದಿಂದಲೇ ಕಂಡುಕೊಂಡಿದ್ದರು. ಅವು ಕಣ್ಣಿಗೆ ಗೋಚರಿಸಲು ಗಣಕಯಂತ್ರವೇ ಬರಬೇಕಾಯಿತು. 1975ರಲ್ಲಿ ಇಂತಹ ಆಕೃತಿಗಳಿಗೆ ಫ್ರ್ಯಾಕ್ಟಲ್ ಎಂಬ ಹೆಸರನ್ನಿತ್ತ ಬೆನ್ವಾ ಮ್ಯಾಂಡೆಲ್‌ಬ್ರಾಟ್ ಅವರು, ಈಗ ತಮ್ಮ ಹೆಸರನ್ನೇ ಹೊತ್ತಿರುವ ಗಣದ ಚಿತ್ರಗಳನ್ನು 1980ರಲ್ಲಿ ಯಂತ್ರದಿಂದ ಪಡೆದರು. ಸಂಕೀರ್ಣ ಸಂಖ್ಯೆಯೊಂದನ್ನು ವರ್ಗಗೊಳಿಸಿ, ಸ್ಥಿರವೊಂದನ್ನು ಕೂಡಿಸಿ, ಬಂದುದನ್ನು ಮತ್ತೆ ಮತ್ತೆ ಅದೇ ಕ್ರಿಯೆಗೆ ಒಪ್ಪಿಸುವುದು, ವಿಧಾನವಿಷ್ಟೇ. ಆ ಗಣದ ಅಂಚನ್ನು ಎಷ್ಟು ಹಿಗ್ಗಿಸಿ ನೋಡಿದರೂ ಸುರುಳಿಯೊಳಗೆ ಸುರುಳಿ ತಪ್ಪದು.

ಆದರೆ ಸುರುಳಿಗಳನ್ನು ಹಿಂಬಾಲಿಸುವ ನೋಟಕನಿಗೆ ಕಾಲೂರಲು ನೆಲವೊಂದು ಬೇಕಷ್ಟೆ. ಬೋಯಿಂಗ್ ವಿಮಾನ ಸಂಸ್ಥೆಯಲ್ಲಿದ್ದ ಲೋರೆನ್ ಕಾರ್ಪೆಂಟರ್ ಅವರಿಗೆ ವಿಮಾನಗಳ ಹಿನ್ನೆಲೆಗೆ ಪರ್ವತಗಳು ಬೇಕಾಗಿದ್ದವು. ಮ್ಯಾಂಡೆಲ್‌ಬ್ರಾಟರ ಗ್ರಂಥದಿಂದ ಸ್ಫೂರ್ತಿಗೊಂಡು, ತ್ರಿಕೋನವನ್ನು ನಾಲ್ಕಾಗಿ ಒಡೆದು, ಭುಜಗಳ ಮಧ್ಯಬಿಂದುಗಳನ್ನು ಯಾದೃಚ್ಛಿಕವಾಗಿ ಎತ್ತಿ ತಗ್ಗಿಸುತ್ತ, ಚಿಕ್ಕ ಚಿಕ್ಕ ತ್ರಿಕೋನಗಳಲ್ಲಿಯೂ ಅದನ್ನೇ ನಡೆಸಿ ಅವರು ಶಿಖರಶ್ರೇಣಿಯನ್ನೇ ಎಬ್ಬಿಸಿದರು. 1980ರ ‘ವೋಲ್ ಲಿಬ್ರ್’ ಎಂಬ ಎರಡು ನಿಮಿಷದ ಆ ಚಿತ್ರ ಅವರಿಗೆ ಲೂಕಸ್‌ಫಿಲ್ಮ್ ಸಂಸ್ಥೆಯ ಬಾಗಿಲನ್ನು ತೆರೆಯಿತು. 1982ರ ಎರಡನೆಯ ‘ಸ್ಟಾರ್ ಟ್ರೆಕ್’ ಚಲನಚಿತ್ರದಲ್ಲಿ ಮೃತಗ್ರಹವೊಂದು ಬೆಂಕಿಯನ್ನುಟ್ಟು, ಬೆಟ್ಟಗಳನ್ನೆಬ್ಬಿಸಿ, ಸಮುದ್ರವನ್ನು ತುಂಬಿಕೊಂಡು ಜೀವಂತವಾಗುವ ಒಂದು ನಿಮಿಷದ ದೃಶ್ಯದಲ್ಲಿ ಅವರ ಪರ್ವತಗಳಿವೆ. ಕಥೆಗೆ ಬೇಕಾಗಿದ್ದುದು ಸೃಷ್ಟಿಯ ಒಂದು ನೋಟ, ಗಣಿತಕ್ಕೆ ಬೇಕಾಗಿದ್ದುದು ಒಂದು ನೆವ.

ಮುಂದೆ, ಪೈಟ್‌ಗೆನ್ ಮತ್ತು ರಿಕ್ಟರ್ ಎಂಬ ಜರ್ಮನ್ ವಿದ್ವಾಂಸರ 1986ರ ಗ್ರಂಥ ಈ ಚಿತ್ರಗಳನ್ನು ಜನಸಾಮಾನ್ಯರ ಮನೆಗೂ ಮುಟ್ಟಿಸಿತು. ಆರ್ಥರ್ ಕ್ಲಾರ್ಕ್ ತಮ್ಮ 1990ರ ಕಾದಂಬರಿಗೆ ಮ್ಯಾಂಡೆಲ್‌ಬ್ರಾಟ್ ಗಣವನ್ನು ತಂದರು. 1999ರಲ್ಲಿ ಸ್ಕಾಟ್ ಡ್ರೇವ್ಸ್, ಫಿಲಿಪ್ ಡಿಕ್‌ರ ಕಾದಂಬರಿಯ ಶೀರ್ಷಿಕೆಯಿಂದ ಹೆಸರನ್ನು ಕಡ ತಂದು, ‘ಎಲೆಕ್ಟ್ರಿಕ್ ಶೀಪ್’ ಎಂಬ ವ್ಯವಸ್ಥೆಯನ್ನು ನಿರ್ಮಿಸಿದರು. ದೇಶದೇಶಗಳಲ್ಲಿ ಬಿಡುವಾಗಿದ್ದ ಗಣಕಯಂತ್ರಗಳು ಕೂಡಿ ಜ್ವಾಲೆಯಂತಹ ಫ್ರ್ಯಾಕ್ಟಲ್ ರೂಪಗಳನ್ನು ಎಣಿಸುವುವು. ನೋಡುಗರು ಮೆಚ್ಚಿದವುಗಳಿಗೆ ಸಂತಾನಭಾಗ್ಯ!

ಇಷ್ಟಾದರೂ ಆ ರೂಪಗಳ ಒಳಹೊಕ್ಕು ತಿರುಗಾಡುವುದು ವಾಡಿಕೆಯಾದದ್ದು, 2009ರಲ್ಲಿ ಡೇನಿಯಲ್ ವೈಟ್ ಮತ್ತು ಪಾಲ್ ನೈಲಾಂಡರ್ ಮೂರು ಆಯಾಮದ ಮ್ಯಾಂಡೆಲ್‌ಬಲ್ಬನ್ನೂ, 2010ರಲ್ಲಿ ಟಾಮ್ ಲೋ ಅಂತಹುದೇ ಮ್ಯಾಂಡೆಲ್‌ಬಾಕ್ಸನ್ನೂ ಕಂಡುಹಿಡಿದ ಮೇಲೆಯೇ. ಎರಡನೆಯದರಲ್ಲಿ, ಪೆಟ್ಟಿಗೆಯ ಎಲ್ಲೆ ಮೀರಿದ ಬಿಂದುವನ್ನು ಒಳಕ್ಕೆ ಮಡಿಸಿ, ಗೋಳದೊಳಗೆ ಸಿಕ್ಕಿದ್ದನ್ನು ಹೊರಕ್ಕೆ ಮಗುಚುವ ಕ್ರಿಯೆ ಪುನರಾವರ್ತನೆಗೊಂಡು, ವಾಸ್ತುಶಿಲ್ಪಿಯಿಲ್ಲದ ಮಹಾನಗರಿಗಳು ಮೂಡುವುವು. ಸ್ತಂಭದ ಮೈಯಲ್ಲಿ ಗವಾಕ್ಷ, ಆ ಗವಾಕ್ಷದ ಚೌಕಟ್ಟಿನಲ್ಲಿ ಮತ್ತೆ ಸ್ತಂಭಪಂಕ್ತಿ! ಅದು ಅಂಗೈಯಗಲದ ಆಭರಣವೋ ಯೋಜನವಿಸ್ತಾರದ ಕೋಟೆಯೋ ಎಂದು ಸೂತ್ರ ಹೇಳಲಾರದು. ಕಲಾವಿದನು ದೂರದ ಕಮಾನುಗಳಿಗೆ ಮಂಜನ್ನು ಕವಿಸಿ, ಸ್ತಂಭದ ಬುಡದಲ್ಲಿ ಎಳ್ಳಿನಷ್ಟು ಆಕಾಶನೌಕೆಯೊಂದನ್ನು ನಿಲ್ಲಿಸಿದನೆಂದರೆ ಪ್ರಮಾಣವೂ ಭಯವೂ ಒಮ್ಮೆಲೇ ಹುಟ್ಟುವುವು. ಯಂತ್ರವೇ ಮಾಡಿದ ಕೆಲಸದಲ್ಲಿ ಕಲಾವಿದನದೇನು ಎಂದು ಕೇಳುವವರಿಗೆ ಆ ಮಂಜು, ಆ ನೌಕೆ, ಅನಂತ ನೋಟಗಳಲ್ಲಿ ಅಲ್ಲಿಯೇ ನಿಂತ ವಿವೇಕ ಇವನ್ನು ತೋರಿಸಬಹುದು. ಕಾಮನಬಿಲ್ಲನ್ನೇ ಸುರಿದಂತಹ ಕಣ್ಣುಕುಕ್ಕುವ ಬಣ್ಣಗಳಿಂದ ಈ ಕಲೆ ಬಹುಪಾಲು ಕೆಟ್ಟಿರುವುದೂ ದಿಟವೇ. ವಿವೇಕ ಸೂತ್ರದಷ್ಟು ಸುಲಭವಾಗಿ ಹಂಚಿಕೆಯಾಗುವುದಿಲ್ಲ.

ಚಲನಚಿತ್ರಗಳಲ್ಲಿಯೂ ಈ ತಾರತಮ್ಯ ಕಾಣಬರುವುದು. 2017ರ ‘ಗಾರ್ಡಿಯನ್ಸ್ ಆಫ್ ದ ಗ್ಯಾಲಕ್ಸಿ’ಯ ಎರಡನೆಯ ಭಾಗದಲ್ಲಿ ಫ್ರ್ಯಾಕ್ಟಲ್ ಕಲಾವಿದ ಹಾಲ್ ಟೆನ್ನಿಯವರ ನೆರವಿನಿಂದ ರೂಪುಗೊಂಡ ಅರಮನೆ ವೈಭವಯುತವಾದದ್ದು, ಆದರೂ ಅಲ್ಲಿ ಗಣಿತವು ಗೋಡೆಯ ಅಲಂಕಾರ. ಮರುವರ್ಷದ ‘ಅನಿಹಿಲೇಷನ್’ ಚಿತ್ರದಲ್ಲಿ, ದೀಪಸ್ತಂಭದಡಿಯ ಗವಿಯಲ್ಲಿ ನಾಯಕಿಯೆದುರು ತನ್ನೊಳಗೆ ತಾನೇ ಮಗುಚಿಕೊಳ್ಳುತ್ತ ತೇಲುವ ಆ ಮ್ಯಾಂಡೆಲ್‌ಬಲ್ಬ್ ಸದೃಶ ವಸ್ತುವಾದರೋ ಅಲಂಕಾರವಲ್ಲ, ಪಾತ್ರ. ಅದಕ್ಕೆ ಮುಖವಿಲ್ಲ, ಮಾತಿಲ್ಲ, ಆದರೂ ನಾಯಕಿಯ ಒಂದು ಹನಿ ರಕ್ತವನ್ನು ಸೆಳೆದುಕೊಂಡು ಅವಳನ್ನೇ ಅನುಕರಿಸತೊಡಗುತ್ತದೆ.