ಜಾಕಿ ಎಂಬ ಆಳು

ನಮ್ಮ ಡ್ರೈವರುಗಳ ಬಾಯಲ್ಲಿ ‘ಜಾಕಿ’ಯಾಗಿರುವ ಸಾಧನದ ಇಂಗ್ಲಿಷ್ ಹೆಸರು ಜ್ಯಾಕ್. ಅದು ಮೂಲದಲ್ಲಿ ಮನುಷ್ಯರ ಹೆಸರು. ನಮ್ಮಲ್ಲಿ ತಿಮ್ಮ, ಬೋರ ಎಂದು ಕರೆದಂತೆ ಇಂಗ್ಲೆಂಡಿನಲ್ಲಿ ಯಾವ ಆಳುಹುಡುಗನನ್ನಾದರೂ ಜ್ಯಾಕ್ ಎನ್ನುತ್ತಿದ್ದರು. ಹುಡುಗ ಮಾಡುತ್ತಿದ್ದ ಕೆಲಸಕ್ಕೆ ಯಂತ್ರ ಬಂದಾಗ ಅವನ ಹೆಸರೂ ಯಂತ್ರಕ್ಕೆ ಬಂತು. ಅಡುಗೆಮನೆಯಲ್ಲಿ ಬೆಂಕಿಯ ಮುಂದೆ ಮಾಂಸದ ಸಲಾಕೆ ತಿರುಗಿಸುವ ಸಾಧನವೂ ಜ್ಯಾಕ್, ಬೂಟು ಕಳಚುವ ಮರದ ತುಂಡೂ ಜ್ಯಾಕ್, ಭಾರ ಎತ್ತುವುದೂ ಜ್ಯಾಕ್.

ಈ ಆಳಿನ ಗುಟ್ಟು ನಮ್ಮ ಅಡುಗೆಮನೆಯಲ್ಲೂ ಇದೆ. ತಿರುಪಿನ ಚಕ್ಕುಲಿ ಒರಳನ್ನೇ ನೋಡಿ. ಗಟ್ಟಿ ಹಿಟ್ಟನ್ನು ಅಂಗೈಯಿಂದ ಒತ್ತಿದರೆ ಇಳಿಯದು. ಹಿಡಿ ತಿರುಗಿಸುತ್ತ ಹೋದರೆ ಎಂಟು ವರ್ಷದ ಮಗುವೂ ಒತ್ತಬಲ್ಲದು. ಅದೇ ತಿರುಪು ಕೆಳಕ್ಕೆ ಒತ್ತುವ ಬದಲು ಮೇಲಕ್ಕೆ ಎತ್ತಿದರೆ ಸ್ಕ್ರೂ ಜಾಕಿ. 1795ರಲ್ಲಿ ಜೋಸೆಫ್ ಬ್ರಾಮಾ ಎಂಬ ಇಂಗ್ಲಿಷ್ ಕುಶಲಕರ್ಮಿ ನೀರಿನ ಒತ್ತಡದಿಂದ ನಡೆಯುವ ಯಂತ್ರಕ್ಕೆ ಪೇಟೆಂಟ್ ಪಡೆದ. 1851ರಲ್ಲಿ ನ್ಯೂಯಾರ್ಕಿನ ರಿಚರ್ಡ್ ಡಜನ್ ಅದೇ ತತ್ವದ ಮೇಲೆ, ಹೊತ್ತೊಯ್ಯಬಹುದಾದ ಹೈಡ್ರಾಲಿಕ್ ಜಾಕಿಗೆ ಪೇಟೆಂಟ್ ಪಡೆದ. ಇಂದಿನ ಲಾರಿಗಳಲ್ಲಿ ಕಾಣುವ ಬಾಟಲ್ ಜಾಕಿ ಅದರ ವಂಶದ್ದು. ಶಕ್ತಿಗಿಂತ ಯುಕ್ತಿ ಮೇಲು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ತೋಳ್ಬಲ ಬೇಡವಾದ ಮೇಲೆ ಇದು ಗಂಡಸರ ಕೆಲಸವೆಂಬ ಮಾತಿಗೂ ಅರ್ಥ ಉಳಿಯಲಿಲ್ಲ. ಮುಂದೆ ರಾಣಿಯಾದ ಎಲಿಜಬೆತ್ 1945ರಲ್ಲಿ, ಇನ್ನೂ ಹದಿಹರೆಯದಲ್ಲಿರುವಾಗಲೇ, ಸೈನ್ಯದ ಮಹಿಳಾ ದಳ ಸೇರಿ ಗಾಡಿ ಓಡಿಸುವುದನ್ನೂ ಚಕ್ರ ಬದಲಿಸುವುದನ್ನೂ ಕಲಿತರು.

ಜೀಪು ಹುಟ್ಟಿದ್ದೂ ಆ ಯುದ್ಧದ ಕಾಲದಲ್ಲೇ. 1940ರಲ್ಲಿ ಅಮೆರಿಕದ ಬ್ಯಾಂಟಮ್ ಕಂಪನಿ ಮೊದಲ ಮಾದರಿ ಮಾಡಿಕೊಟ್ಟಿತು. ಆಮೇಲೆ ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳು 1945ರೊಳಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಆ ದಶಕದ ಕೊನೆಯ ಹೊತ್ತಿಗೆ ಮುಂಬಯಿಯಲ್ಲಿ ಮಹೀಂದ್ರ ಸಂಸ್ಥೆ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಸಿಗುವ ಈ ಗಾಡಿ ನಮ್ಮ ಮಲೆನಾಡಿಗೆ ಹೇಳಿ ಮಾಡಿಸಿದಂತಿತ್ತು. ಆದರೂ ಆಷಾಢದ ಕೆಸರಿನ ಮುಂದೆ ಅದರ ಆಟ ಎಲ್ಲ ಸಲವೂ ನಡೆಯದು. ಚಕ್ರ ಹೂತು ಗಾಡಿಯ ಹೊಟ್ಟೆ ನೆಲಕ್ಕೆ ತಾಗಿದರೆ ನಾಲ್ಕು ಚಕ್ರವಿದ್ದೂ ಒಂದರ ಬಲವೂ ಇಲ್ಲ. ಆಗ ಜಾಕಿಯೇ ಗತಿ.

ನಮ್ಮ ಅಪ್ಪಯ್ಯನ ಕಾಲದಲ್ಲಿ ತೋಟದ ಜೀಪಿಗೆ ಒಬ್ಬ ಹಿರಿಯ ಡ್ರೈವರಿದ್ದರು. ಜಾಕಿ ತೆಗೆಯುವ ಮೊದಲು ಅವರ ಮಾತು ಒಂದೇ: “ಅಮ್ಮಾ, ಮಕ್ಕಳನ್ನ ಕರ್ಕೊಂಡು ಆ ಮರದ ಹತ್ರ ಹೋಗಿ. ಒಳಗೆ ಒಬ್ರೂ ಕೂರ್ಬೇಡಿ.” ಮಳೆ ಸುರಿಯುತ್ತಿದ್ದರೂ ಸರಿಯೇ. ಆಮೇಲೆ ಉಳಿದ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡುವರು. “ಕೈಬ್ರೇಕು ಹಾಕಿದೆಯಲ್ಲ” ಎಂದರೆ ನಗುವರು. ಅವರ ನಗುವಿನ ಅರ್ಥ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಆ ಹಳೆಯ ಜೀಪುಗಳ ಕೈಬ್ರೇಕು ಚಕ್ರವನ್ನು ನೇರವಾಗಿ ಹಿಡಿಯುವುದಿಲ್ಲ, ಹಿಂದಿನ ಚಕ್ರಗಳಿಗೆ ಬಲ ಒಯ್ಯುವ ದಂಡವನ್ನು ಹಿಡಿಯುತ್ತದೆ. ಹಿಂದಿನ ಒಂದು ಚಕ್ರ ನೆಲ ಬಿಟ್ಟರೆ ಅದು ಗಾಳಿಯಲ್ಲಿ ಸುಮ್ಮನೆ ತಿರುಗುತ್ತದೆ, ಜೊತೆಯ ಚಕ್ರಕ್ಕೂ ಹಿಡಿತವಿಲ್ಲದಂತಾಗುತ್ತದೆ. ಇಳಿಜಾರಾದರೆ ಗಾಡಿ ಉರುಳುವುದಕ್ಕೆ ಅಷ್ಟು ಸಾಕು. ಜಾಕಿಯ ಕೆಳಗೆ ಅವರು ಅಗಲವಾದ ಹಲಗೆ ಹಾಕುತ್ತಿದ್ದರು, ಇಲ್ಲದಿದ್ದರೆ ಗಾಡಿ ಏಳುವ ಬದಲು ಜಾಕಿಯೇ ಕೆಸರಿಗಿಳಿಯುತ್ತದೆ. ಚಕ್ರದಡಿ ಕಲ್ಲು, ಸೊಪ್ಪು ತುಂಬುವುದಕ್ಕೂ ಕೈ ಚಾಚುತ್ತಿರಲಿಲ್ಲ, ಉದ್ದನೆಯ ಕೋಲಿನಿಂದ ತಳ್ಳುತ್ತಿದ್ದರು.

ಈಗ ಅಣ್ಣನ ಮಗಳು ತಾನೇ ಜೀಪು ಓಡಿಸುತ್ತಾಳೆ. ಅವಳ ಗಾಡಿಯಲ್ಲಿರುವುದು ಎದೆಮಟ್ಟದ ಉದ್ದನೆಯ ಹೈಲಿಫ್ಟ್ ಜಾಕಿ. ಅಮೆರಿಕದ ಇಂಡಿಯಾನಾ ರಾಜ್ಯದ ಬ್ಲೂಮ್‌ಫೀಲ್ಡ್ ಎಂಬ ಸಣ್ಣ ಊರಿನಲ್ಲಿ 1905ರಿಂದ ತಯಾರಾಗುತ್ತ ಬಂದ ಜಾತಿಯದು. ರೈತರು ಅದರಿಂದ ಬೇಲಿಕಂಬವನ್ನೂ ಕೀಳುತ್ತಿದ್ದರು. ತೂತುಗಳಿರುವ ಉಕ್ಕಿನ ಪಟ್ಟಿ, ಅದನ್ನು ಹತ್ತುವ ಎರಡು ಪಿನ್ನು, ಒಂದು ಉದ್ದ ಹಿಡಿ, ಇಷ್ಟೇ ಅದರ ಅಂಗ. ತೆಂಗಿನಮರ ಹತ್ತುವವನ ಕೈಕಾಲಿನಂತೆ ಒಂದು ಪಿನ್ನು ಹಿಡಿದಿರುವಾಗ ಇನ್ನೊಂದು ಮೇಲಕ್ಕೆ ಸರಿಯುತ್ತದೆ. ಸುಮಾರು ಎರಡು ಟನ್ ಎತ್ತಬಲ್ಲದು.

ಆದರೆ ಈ ಆಳು ಮುನಿದರೆ ಕಷ್ಟ. ನಮ್ಮ ಕಡೆಯ ಒಬ್ಬ ಹುಡುಗನ ದವಡೆ ಮುರಿದದ್ದು ಗಾಡಿ ಎತ್ತುವಾಗ ಅಲ್ಲ, ಇಳಿಸುವಾಗ. ಹಿಡಿಯನ್ನು ಪಟ್ಟಿಗೆ ಒತ್ತಿ ನೆಟ್ಟಗೆ ನಿಲ್ಲಿಸಿದ ಮೇಲೆಯೇ ಇಳಿಸುವ ಕೀಲನ್ನು ತಿರುಗಿಸಬೇಕು. ಇಳಿಯುವ ಪ್ರತಿ ಮೆಟ್ಟಿಲಿನಲ್ಲೂ ಗಾಡಿಯ ಭಾರ ಹಿಡಿಯ ಮೇಲೆ ಬರುತ್ತದೆ. ಕೈ ಜಾರಿದರೆ ಹಿಡಿ ತಾನಾಗಿಯೇ ಮೇಲಕ್ಕೂ ಕೆಳಕ್ಕೂ ಬಡಿಯುತ್ತದೆ. ಆ ದಾರಿಯಲ್ಲಿ ಮುಖ ಇರಬಾರದು. “ಎರಡೂ ಕೈಲಿ ಹಿಡ್ಕೋತೀನಿ ಅತ್ತೆ, ಮುಖ ಪಕ್ಕಕ್ಕೇ ಇಟ್ಟಿರ್ತೀನಿ,” ಎನ್ನುತ್ತಾಳೆ ಹುಡುಗಿ. ಪ್ಲಾಸ್ಟಿಕ್ ಬಂಪರಿನ ಹೊಸ ಗಾಡಿಗಳಿಗೆ ಈ ಜಾಕಿ ಕೊಡಲು ಜಾಗವೇ ಇರುವುದಿಲ್ಲವೆಂದೂ, ಗಟ್ಟಿ ಉಕ್ಕಿನ ಆಸರೆ ಸಿಗದಿದ್ದರೆ ಗುದ್ದಲಿ ಹಿಡಿದು ಚಕ್ರದ ಮುಂದೆ ಅಗೆಯುವುದೇ ಲೇಸೆಂದೂ ಹೇಳುತ್ತಾಳೆ.

ಇನ್ನೂರು ವರ್ಷದಲ್ಲಿ ತಿರುಪು ಹೋಗಿ ಎಣ್ಣೆ ಬಂತು, ಪಿನ್ನು ಬಂತು. ಒಂದು ಮಾತ್ರ ಬದಲಾಗಲಿಲ್ಲ. ಜಾಕಿ ಇರುವುದು ಎತ್ತುವುದಕ್ಕೆ, ಎತ್ತಿದ್ದನ್ನು ಹೊತ್ತು ನಿಲ್ಲುವುದಕ್ಕಲ್ಲ. ಅದರ ಭರವಸೆಯ ಮೇಲೆ ಗಾಡಿಯಡಿಗೆ ಹೋಗಬಾರದು. ಕಲ್ಲು ತೂರುವಷ್ಟು ಎತ್ತಿ, ಚಕ್ರದಡಿ ತುಂಬಿ, ಕೂಡಲೇ ಇಳಿಸಿಬಿಡಬೇಕು. ಆಳನ್ನು ದುಡಿಸಿಕೊಳ್ಳುವವರಿಗೆ ಆಳಿನ ಶಕ್ತಿ ಎಷ್ಟೆಂಬುದು ಗೊತ್ತಿರಬೇಕು. ಮನೆಯಲ್ಲಿ ಗಾಡಿ ಇದ್ದರೆ ಒಂದು ಭಾನುವಾರ, ಮಳೆಯಿಲ್ಲದಾಗ, ಅಂಗಳದ ಗಟ್ಟಿನೆಲದಲ್ಲಿ ಗೊತ್ತಿದ್ದವರನ್ನು ಪಕ್ಕದಲ್ಲಿಟ್ಟುಕೊಂಡು ಜಾಕಿ ಹೊರತೆಗೆಯಿರಿ. ಚಕ್ರಗಳಿಗೆ ಕಲ್ಲು ಕೊಡುವುದರಿಂದಲೇ ಪಾಠ ಶುರುವಾಗಲಿ.