ರಂಗನಾಥನ್ ಗ್ರಂಥಪಾಲರಾದ ಬಗೆ

ನಾನು ಅಧ್ಯಾಪಕನಾಗಿದ್ದ ಕಾಲದಲ್ಲಿ, ಕನ್ನಡ ಎಂ.ಎ. ಮುಗಿಸಿದ ಶಿಷ್ಯನೊಬ್ಬ ಬಂದು, ಬೇರೆ ಕೆಲಸ ದೊರೆಯದ್ದರಿಂದ ಗ್ರಂಥಾಲಯ ವಿಜ್ಞಾನದ ತರಗತಿಗೆ ಸೇರಿರುವುದಾಗಿ ತಲೆ ತಗ್ಗಿಸಿ ಹೇಳಿದ. “ಇರಲಿ ಬಿಡಪ್ಪಾ, ಮುಂದೆ ನೋಡೋಣ” ಎಂದು ಸಮಾಧಾನಪಡಿಸಿದೆ. ಸಮಾಧಾನ ಹೇಳುವಂಥ ಸಂಗತಿ ಅದಾಗಿರಲಿಲ್ಲ. ನಮ್ಮ ದೇಶದ ಗ್ರಂಥಾಲಯ ವಿಜ್ಞಾನಕ್ಕೆ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್ ಅವರೇ ಈ ವೃತ್ತಿಗೆ ಒಲ್ಲದ ಮನಸ್ಸಿನಿಂದ ಬಂದವರೆಂಬುದನ್ನು ನಾನಾಗ ಅರಿತಿರಲಿಲ್ಲ.

1892ರಲ್ಲಿ ತಂಜಾವೂರು ಜಿಲ್ಲೆಯ ಶೀಯಾಳಿಯಲ್ಲಿ ಹುಟ್ಟಿದ ರಂಗನಾಥನ್ ಗಣಿತದ ಅಧ್ಯಾಪಕರು. 1917ರಲ್ಲಿ ಅವರು ಪಾಠ ಹೇಳಲಾರಂಭಿಸಿದ್ದು ನಮ್ಮ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ. ಅನಂತರ ಕೊಯಮತ್ತೂರು, ಬಳಿಕ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು. 1923ರಲ್ಲಿ ಮದರಾಸು ವಿಶ್ವವಿದ್ಯಾನಿಲಯವು ಗ್ರಂಥಪಾಲರ ಹುದ್ದೆಯೊಂದಕ್ಕೆ ಅರ್ಜಿ ಕರೆಯಿತು. ಅಧ್ಯಾಪಕರ ಸಂಬಳ ಅಲ್ಪವಾಗಿದ್ದ ಕಾಲ; ಇವರೂ ಅರ್ಜಿ ಹಾಕಿ ಮರೆತುಬಿಟ್ಟರು. ಸಂದರ್ಶನಕ್ಕೆ ಕರೆ ಬಂದಾಗ ವಿಶ್ವಕೋಶದಲ್ಲಿ ಗ್ರಂಥಾಲಯಗಳನ್ನು ಕುರಿತ ಲೇಖನವನ್ನು ಓದಿಕೊಂಡು ಹೋದರಂತೆ. ಬಂಡವಾಳ ಅಷ್ಟೇ.

1924ರ ಜನವರಿಯಲ್ಲಿ ಹುದ್ದೆಯೇನೋ ದೊರೆಯಿತು. ಆದರೆ ಎದುರಿಗೆ ವಿದ್ಯಾರ್ಥಿಗಳಿಲ್ಲ, ಸಂದೇಹ ಕೇಳುವವರಿಲ್ಲ. ಪುಸ್ತಕಗಳ ನಡುವಣ ಆ ಏಕಾಂತ ಕೆಲವೇ ವಾರಗಳಲ್ಲಿ ಅಸಹನೀಯವಾಯಿತು. ಗಣಿತದ ಪಾಠಕ್ಕೇ ಮರಳಿ ಕಳುಹಿಸಿರೆಂದು ಮೊರೆಯಿಟ್ಟರು. ಕೊನೆಗೊಂದು ಒಪ್ಪಂದವಾಯಿತು: ಇಂಗ್ಲೆಂಡಿಗೆ ಹೋಗಿ ಗ್ರಂಥಾಲಯಗಳ ಅಧ್ಯಯನ ಮಾಡಿ ಬರುವುದು, ಆಮೇಲೂ ಮನಸ್ಸೊಗ್ಗದಿದ್ದರೆ ಹಳೆಯ ಕೆಲಸ ಕಾದಿರುತ್ತದೆ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅವರಿಗೆ ಗುರುವಾಗಿ ದೊರೆತವರು ಕ್ರಾಯ್ಡನ್ ನಗರದ ಗ್ರಂಥಪಾಲ ಬರ್ವಿಕ್ ಸೇಯರ್ಸ್. ಪುಸ್ತಕವೆಂದರೆ ಬೀಗದೊಳಗಿನ ಆಸ್ತಿಯೆಂಬ ನಾಡಿನಿಂದ ಹೋದವರು, ಸಾಮಾನ್ಯ ಜನರೂ ಮಕ್ಕಳೂ ಸಲೀಸಾಗಿ ಬಂದುಹೋಗುವ ಗ್ರಂಥಾಲಯಗಳನ್ನು ಕಂಡರು. ಪುಸ್ತಕಗಳ ವರ್ಗೀಕರಣದಲ್ಲಿ ಗಣಿತಜ್ಞನಿಗೆ ತಕ್ಕ ಸಮಸ್ಯೆಯೂ ಸಿಕ್ಕಿತು. ಜ್ಞಾನವನ್ನೆಲ್ಲ ಮೊದಲೇ ಮಾಡಿಟ್ಟ ಗೂಡುಗಳಲ್ಲಿ ತುರುಕುವ ಪದ್ಧತಿ ಅವರಿಗೆ ಒಪ್ಪಿಗೆಯಾಗಲಿಲ್ಲ. ಅಂಗಡಿಯೊಂದರಲ್ಲಿ ಮೆಕ್ಯಾನೋ ಎಂಬ ಆಟಿಕೆಯನ್ನು ನೋಡಿದರು. ಅವೇ ಪಟ್ಟಿ, ಸಲಾಕೆ, ತಿರುಪುಗಳನ್ನು ಬೇರೆ ಬೇರೆಯಾಗಿ ಜೋಡಿಸಿದರೆ ಬೇರೆ ಬೇರೆ ಯಂತ್ರ! ವಿಷಯಗಳನ್ನೂ ಹೀಗೇ ಕೆಲವು ಅಂಶಗಳಿಂದ ಜೋಡಿಸಬಹುದಲ್ಲವೆ? 1933ರಲ್ಲಿ ಪ್ರಕಟವಾದ ಅವರ ಕೋಲನ್ ವರ್ಗೀಕರಣದ ಬೀಜ ಇದು. ಅವರು ಗಣಿತವನ್ನು ಬಿಟ್ಟರೆಂದು ಜನ ಹೇಳುತ್ತಾರೆ, ನನಗೇನೋ ಹಾಗೆನಿಸುವುದಿಲ್ಲ.

1925ರಲ್ಲಿ ಹಿಂತಿರುಗಿದವರು ಹಳೆಯ ಕೆಲಸದ ಮಾತೆತ್ತಲಿಲ್ಲ. ಸುಮಾರು 20 ವರ್ಷ ಅದೇ ಗ್ರಂಥಾಲಯದಲ್ಲಿ ದುಡಿದರು. ಕೊನೆಗಾಲದಲ್ಲಿ ಬೆಂಗಳೂರಿಗೆ ಬಂದು ನೆಲೆಸಿ, 1962ರಲ್ಲಿ ಇಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರು. 1972ರಲ್ಲಿ ಇಲ್ಲಿಯೇ ತೀರಿಕೊಂಡರು.

ನನ್ನ ಶಿಷ್ಯನೀಗ ತಾಲ್ಲೂಕು ಕೇಂದ್ರವೊಂದರಲ್ಲಿ ಗ್ರಂಥಪಾಲ. ಈಚೆಗೆ ಹೋಗಿದ್ದಾಗ, ನಾನು ಹೆಸರು ಹೇಳಿ ಮುಗಿಸುವ ಮೊದಲೇ ಬೇಕಾದ ಪುಸ್ತಕವನ್ನು ತಂದು ಮುಂದಿಟ್ಟ. ಹಿಂದಿನ ತಪ್ಪು ತಿದ್ದಿಕೊಳ್ಳುವವನಂತೆ ಅವನಿಗೆ ಈ ಕಥೆಯನ್ನೆಲ್ಲ ಹೇಳಿದೆ. “ಗೊತ್ತು ಸಾರ್, ನಮಗೆ ಮೊದಲ ವಾರದ ಪಾಠವೇ ಇದು” ಎಂದು ನಕ್ಕ.