ಒಂದೇ ದಫ್ತರ, ಹಲವು ಮೇಜುಗಳು

ಊರಿಗೊಬ್ಬ ಶಾನುಭೋಗರು, ಅವರ ಬಳಿ ಒಂದೇ ದಫ್ತರ. ಜಮೀನಿನ ಲೆಕ್ಕ ಬೇಕಾದವರು ಅವರ ಮನೆಯ ಜಗುಲಿಯಲ್ಲಿ ಕಾದು ಕೂರಬೇಕಾಗಿತ್ತು. ಕಾಯುವುದು ಬೇಸರವೇ. ಆದರೂ ಬರೆದದ್ದೆಲ್ಲ ಒಂದೇ ಕಡೆ ಇದೆ ಎಂಬ ಭರವಸೆಯಿತ್ತು. ಕಂಪ್ಯೂಟರು ನಮ್ಮ ನಮ್ಮ ಮೇಜಿಗೆ ಬಂದಾಗ ಕಾಯುವುದು ತಪ್ಪಿತು. ಜೊತೆಗೆ ಆ ಭರವಸೆಯೂ ಹೋಯಿತು. ಅದನ್ನು ಮರಳಿ ಪಡೆದ ಕಥೆಯೇ ಈ ಲೇಖನ. ಸಂಘದಲ್ಲಿ ಇಷ್ಟೊಂದು ಸಾಫ್ಟ್‌ವೇರ್ ಬಂಧುಗಳಿರುವಾಗ ವೈದ್ಯರಿಗೇಕೆ ಈ ಉಸಾಬರಿ ಎಂದು ಓದುಗರು ಕೇಳಬಹುದು. ಕಾರಣವನ್ನು ಮುಂದೆ ಹೇಳುತ್ತೇವೆ.

1970ರಲ್ಲಿ ಐಬಿಎಂ ಕಂಪನಿಯ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿದ್ದ ಇ. ಎಫ್. ಕಾಡ್ ಅವರು, ಮಾಹಿತಿಯನ್ನೆಲ್ಲ ಟೇಬಲ್‌ಗಳಲ್ಲಿಟ್ಟು ಒಂದಕ್ಕೊಂದು ಸಂಬಂಧ ಕಲ್ಪಿಸುವ ವಿಧಾನವನ್ನು ಪ್ರಕಟಿಸಿದರು. ಅದು ದೊಡ್ಡ ಯಂತ್ರಗಳ ಕಾಲ. ಡೇಟಾಬೇಸನ್ನು ಸಣ್ಣ ಕಂಪ್ಯೂಟರಿಗೆ ತಂದವರಲ್ಲಿ ವೇಯ್ನ್ ರ್ಯಾಟ್ಲಿಫ್ ಪ್ರಮುಖರು. ಪ್ಯಾಸಡೀನಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ ಕೆಲಸದಲ್ಲಿದ್ದ ಅವರು ಫುಟ್‌ಬಾಲ್ ಬಾಜಿಯಲ್ಲಿ ಗೆಲ್ಲುವ ಆಸೆಯಿಂದ ಬರೆಯತೊಡಗಿದ ಪ್ರೋಗ್ರಾಮು, 1980ರ ದಶಕದ ಆರಂಭದಲ್ಲಿ ‘ಡಿಬೇಸ್-2’ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂತು.

ಆದರೆ ಹತ್ತು ಮೇಜಿದ್ದರೆ ಹತ್ತು ಫೈಲು! ಫ್ಲಾಪಿ ಹಿಡಿದು ಓಡಾಡಬೇಕಿತ್ತು. ಯಾವುದು ಹೊಸದೆಂದು ಯಾರಿಗೂ ತಿಳಿಯದು. ಅದೇ ದಶಕದಲ್ಲಿ ನಾವೆಲ್ ಕಂಪನಿಯ ನೆಟ್‌ವೇರ್ ಮುಂತಾದವುಗಳಿಂದ, ಒಂದು ಫೈಲನ್ನು ಸರ್ವರಿನಲ್ಲಿಟ್ಟು ತಂತಿಯ ಮೂಲಕ ಹಲವರು ತೆರೆಯುವುದು ಸಣ್ಣ ಕಛೇರಿಗಳಿಗೂ ಸಾಧ್ಯವಾಯಿತು. 1992ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ಆಕ್ಸೆಸ್ ಬಂತು. ಬೇರೆ ಫೈಲಿನಲ್ಲಿರುವ ಟೇಬಲನ್ನು ನಮ್ಮದೆಂಬಂತೆ ಬಳಸುವ ಅನುಕೂಲ ಅದರಲ್ಲಿತ್ತು. ಮೊದಲು ಅದರ ಹೆಸರು ‘ಅಟ್ಯಾಚ್’. 1995ರ ಆವೃತ್ತಿಯಿಂದ ‘ಲಿಂಕ್’.

ವ್ಯವಸ್ಥೆ ಸರಳ. ಫಾರಂ, ವರದಿಗಳ ಫೈಲು ಪ್ರತಿ ಮೇಜಿನ ಮೇಲೂ ಇರುತ್ತದೆ. ಟೇಬಲ್‌ಗಳ ಫೈಲು ಮಾತ್ರ ಸರ್ವರಿನಲ್ಲಿ ಒಂದೇ. ಮೇಜಿನ ಫೈಲಿನಲ್ಲಿ ಇರುವುದು ಮಾಹಿತಿಯಲ್ಲ, ಮಾಹಿತಿಯ ವಿಳಾಸ. ಇಬ್ಬರು ಒಂದೇ ಸಾಲನ್ನು ಏಕಕಾಲಕ್ಕೆ ತಿದ್ದದಂತೆ ಬೀಗದ ಏರ್ಪಾಡೂ ಉಂಟು. ಆಕ್ಸೆಸ್ 2000ಕ್ಕೆ ಮೊದಲು ಈ ಬೀಗ ಬೀಳುತ್ತಿದ್ದುದು 2 ಕಿಲೋಬೈಟ್‌ಗಳ ಪುಟಕ್ಕೆ. ಒಬ್ಬರ ಸಾಲು ತಿದ್ದುತ್ತಿದ್ದರೆ ಪಕ್ಕದವರ ಸಾಲೂ ಬಂದ್. ಇನ್ನೊಂದು ದೌರ್ಬಲ್ಯವೂ ಇತ್ತು. ಸರ್ವರು ಫೈಲು ಕಾಯುತ್ತದೆಯೇ ಹೊರತು ಲೆಕ್ಕ ಮಾಡುವುದಿಲ್ಲ. ಓದುವ, ಬರೆಯುವ ಕೆಲಸವೆಲ್ಲ ಆಯಾ ಮೇಜಿನದೇ. ಬರೆಯುವಾಗ ನಡುವೆ ತಂತಿ ಕಿತ್ತರೆ ಇಡೀ ಫೈಲೇ ಕೆಡಬಹುದು.

ಇನ್ನು ನಮ್ಮ ಅನುಭವ. ರೆಸಿಡೆನ್ಸಿ ಮುಗಿಸಿ ನಾವು ಸೇರಿದ ಕ್ಲಿನಿಕ್ಕಿನಲ್ಲಿ ವಾರ್ಫರಿನ್ ತೆಗೆದುಕೊಳ್ಳುವ ರೋಗಿಗಳ ಪಟ್ಟಿ ಹೀಗೆ ಲಿಂಕ್ ಆಗಿತ್ತು. ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಈ ಮಾತ್ರೆ ಹೆಚ್ಚಾದರೆ ರಕ್ತಸ್ರಾವ, ಕಡಿಮೆಯಾದರೆ ಪಾರ್ಶ್ವವಾಯುವಿನ ಭಯ. ಒಮ್ಮೆ ನಮಗೆ ಹೊಸ ಕಂಪ್ಯೂಟರು ಬಂದಾಗ, ಲಿಂಕ್ ಮಾಡುವ ಬದಲು ಯಾರೋ ಟೇಬಲ್‌ಗಳನ್ನೇ ನಕಲು ಮಾಡಿಬಿಟ್ಟರು. ನರ್ಸ್ ಸರ್ವರಿನಲ್ಲಿ ಒಬ್ಬ ವೃದ್ಧೆಯ ಡೋಸು ತಗ್ಗಿಸಿ ಬರೆದಿದ್ದರು. ನಮ್ಮ ಪರದೆಯಲ್ಲಿ ಹಳೆಯದೇ ಇತ್ತು. ನಾವು ಹಳೆಯ ಡೋಸನ್ನೇ ಹೇಳಿದಾಗ, ನಿನ್ನೆ ತಾನೇ ಕಡಿಮೆ ಮಾಡಿದಿರಲ್ಲ ಎಂದು ಆ ತಾಯಿಯೇ ಕೇಳಿದರು. ಆಕೆಯ ನೆನಪಿನ ಶಕ್ತಿ ಅಂದು ನಮ್ಮನ್ನು ಕಾಪಾಡಿತು. ಎರಡು ಪಟ್ಟಿಗಳೂ ನೋಡಲು ಒಂದೇ ತರಹ, ಅದೇ ಅಪಾಯ. ಖಾಲಿ ಪರದೆ ಕಂಡಿದ್ದರೆ ವಿಚಾರಿಸುತ್ತಿದ್ದೆವು. ತುಂಬಿದ ಪರದೆಯನ್ನು ನಂಬಿಬಿಟ್ಟೆವು.

2009ರ ಕಾನೂನಿನ ನಂತರ ಅಮೆರಿಕದ ವೈದ್ಯರು ಹೆಚ್ಚಾಗಿ ದೊಡ್ಡ ದಾಖಲೆ ವ್ಯವಸ್ಥೆಗಳಿಗೆ ಹೋದರು. ಸಣ್ಣ ಕಛೇರಿಗಳಲ್ಲಿ ಆಕ್ಸೆಸ್ ಉಳಿದಿದೆ. ಯಂತ್ರ ಯಾವುದಾದರೂ ಪಾಠ ಒಂದೇ: ಮಾಹಿತಿ ಒಂದೆಡೆ ಇರಲಿ, ದಾರಿಗಳು ಹಲವಿರಲಿ.

ಸರ್ವರಿನ ಹೆಸರು ಬದಲಾದರೆ ಲಿಂಕು ಕಡಿಯುತ್ತದೆ. ಹೊಸ ವಿಳಾಸ ಕೊಟ್ಟರೆ ಮತ್ತೆ ಕೂಡುತ್ತದೆ. ನಮ್ಮ ಸಂಘದ ಸದಸ್ಯರ ಪಟ್ಟಿಗೂ ಈ ಮಾತು ಸಲ್ಲುತ್ತದೆ. ಕಾರ್ಯದರ್ಶಿಗಳಲ್ಲೊಂದು, ಖಜಾಂಚಿಗಳಲ್ಲೊಂದು ಪಟ್ಟಿ ಬೇಡ; ಒಂದೇ ಇರಲಿ. ಮನೆ ಬದಲಿಸಿದ ಬಂಧುಗಳು ದಯವಿಟ್ಟು ಹೊಸ ವಿಳಾಸ ತಿಳಿಸಿ, ನಮ್ಮೊಡನೆ ಲಿಂಕು ಉಳಿಸಿಕೊಳ್ಳಿ!